ಇನ್ನೂರೆಂಬತ್ತಮೂರು

ನಾನು ಲೆಕ್ಕದವಳು. ಕೋಡು ಎಂದರೆ
ದನದ ತಲೆಯ ಮೇಲಿರುವುದಷ್ಟೇ ಗೊತ್ತು.
ಆದರೂ ಉರ್ಮಾಸ್ "ಸೀಟು ಖಾಲಿಯಿದೆ, ಬಾ" ಎಂದ.
ತಾರ್ತುವಿನಿಂದ ರೀಗಾಕ್ಕೆ ಹೊರಟೆವು ನಾಲ್ವರು,
ಮಾರ್ಚಿನ ಕೆಸರುಹಿಮ, ಹೀಟರು ಕೆಟ್ಟ ವ್ಯಾನು,
ಹಿಲ್ಯೆಯ ಮಡಿಲಲ್ಲಿ
ನಮ್ಮ ಕಂಪನಿಯ ಹೆಸರಿನ ಇನ್ನೂರು ಸ್ಟಿಕ್ಕರು.

ವಾಲ್ಗಾ ಊರಿನ ನಡುವೆ ದೇಶ ಮುಗಿಯಿತು.
ಗಡಿಯಲ್ಲಿ ಯಾರೂ ಇಲ್ಲ. ಒಂದು ಬೆಕ್ಕು
ಅತ್ತಲಿಂದಿತ್ತ ಬಂತು,
ಏನನ್ನೂ ಘೋಷಿಸಲಿಲ್ಲ.

ನಮ್ಮದು ಸಣ್ಣ ಅಂಗಡಿ. ವೆಬ್‌ಸೈಟು ಕಟ್ಟಿಕೊಡುತ್ತೇವೆ
ಸೌನಾ ಇರುವ ಹೋಟೆಲಿಗೆ, ಹಲ್ಲಿನ ಡಾಕ್ಟರಿಗೆ,
ದೋಣಿ ಬಾಡಿಗೆಯವನಿಗೆ.
ಇಟ್ಟಿಗೆ ಮಾತ್ರ ನಮ್ಮದಲ್ಲ:
ಯಾರೋ ಸುಟ್ಟದ್ದು, ಬೀದಿಗಿಟ್ಟು
"ಬೇಕಾದವರು ಒಯ್ಯಿರಿ" ಎಂದು ಬರೆದು ಹೋದದ್ದು.
ಒಂಬತ್ತು ವರ್ಷ ಒಯ್ದೆವು.
ಹೊತ್ತ ಕೂಲಿಯನ್ನೂ ಗಿರಾಕಿಯ ಬಿಲ್ಲಿಗೇ ಹಾಕಿದೆವು.

ಹಳೆಯ ಟ್ರಾಮ್ ಶೆಡ್ಡಿನಲ್ಲಿ ಸಮ್ಮೇಳನ.
ನೆಲದ ಕಂಬಿಗಳು ಹಾಗೇ ಇವೆ, ಕುರ್ಚಿಯ ಕಾಲು ಸಿಕ್ಕಿಕೊಳ್ಳುತ್ತದೆ.
ಹೆಸರು ಹೇಳಿದರೆ ಯಾರಿಗೂ ಗುರುತಿಲ್ಲ,
ಅಡ್ಡಹೆಸರು ಹೇಳಿದರೆ ತಬ್ಬಿಕೊಳ್ಳುತ್ತಾರೆ.
ಉರ್ಮಾಸ್ ವಿಸಿಟಿಂಗ್ ಕಾರ್ಡು ಚಾಚಿದ;
ಎದುರಿನಾಕೆ ಅದರ ಬೆನ್ನಿಗೆ ಯಾವುದೋ ಕಮಾಂಡು ಗೀಚಿ
ಅವನಿಗೇ ವಾಪಸು ಕೊಟ್ಟಳು.

ಎರಡನೇ ದಿನ ಭಾಷಣವಿಲ್ಲ, ಬರೀ ಕೆಲಸ. ಉದ್ದ ಮೇಜು.
"ತಾರೀಖುಗಳು" ಎಂದು ಬರೆದ ರಟ್ಟಿನ ಹಿಂದೆ
ಉಣ್ಣೆಯ ಸ್ವೆಟರು, ದಪ್ಪ ಬೆರಳು, ಬೂಟಿನಂಚಿಗೆ ಒಣಗಿದ ಸಗಣಿ.
ತಾವೆತ್ ಪಿಸುಗುಟ್ಟಿದ: "ಇವನೇ."

ಇವನನ್ನು ನಾನೂ ಬಲ್ಲೆ, ಬಿಲ್ಲಿನ ಭಾಷೆಯಲ್ಲಿ:
"ಇನ್ನೂರೆಂಬತ್ತಮೂರು ದಿನದ ತೊಂದರೆ, ಮೂರು ಗಂಟೆ."
ಆರು ವರ್ಷದಲ್ಲಿ ನಲವತ್ತೊಂದು ಸಲ ಟೈಪು ಮಾಡಿದ್ದೇನೆ.
ಅಷ್ಟು ದಿನದಾಚೆಗೆ ಯಾವ ಹೋಟೆಲೂ ಕೋಣೆ ಕೊಡಲಾರದು,
ಬರುವ ಬೇಸಿಗೆಯ ಮದುವೆಗೆ ಈ ಬೇಸಿಗೆಯೇ ಕೇಳಿದವರು
ಹೋಟೆಲಿನವರನ್ನು ಬೈದರು, ಹೋಟೆಲಿನವರು ನಮ್ಮನ್ನು,
ತಾವೆತ್ ಆ ಸಂಖ್ಯೆ ಬರೆದ ಕೈಯನ್ನು.
ಪ್ರತಿ ಸಲ ತೇಪೆ. ಪ್ರತಿ ಸಲ ದುಡ್ಡು.

"ಈ ಸಂಖ್ಯೆ ಎಲ್ಲಿಂದ ಬಂತು?"
ಗಿಂತೌತಾಸ್ ಕನ್ನಡಕ ತೆಗೆದು ಒರೆಸಿ,
"ಹಸುವಿನ ಗಬ್ಬ" ಎಂದ.

ಲಿಥುವೇನಿಯಾದ ದನದ ಡಾಕ್ಟರು. ಹದಿನಾರು ಕೊಟ್ಟಿಗೆ.
ಯಾವುದು ಯಾವತ್ತು ಈಯುತ್ತದೆಂದು ಹಿಡಿಯಲು
ಚಳಿಗಾಲದ ಎರಡು ರಾತ್ರಿ ಕೂತು ಬರೆದನಂತೆ.
"ಚೆನ್ನಾಗಿತ್ತು, ಬೀದಿಗಿಟ್ಟೆ.
ಹೋಟೆಲುಗಳೂ ಒಯ್ದವೆಂದು ಇವತ್ತೇ ಕೇಳುತ್ತಿದ್ದೇನೆ.
ಒಂದು ಮಾತು ಬರೆಯಬಹುದಿತ್ತಲ್ಲ?"

ಸಿಟ್ಟಿರಲಿಲ್ಲ ಅದರಲ್ಲಿ.
ಕರು ಎಷ್ಟು ಹೊತ್ತಿನಿಂದ ಅಡ್ಡ ಸಿಕ್ಕಿದೆ
ಎಂದು ಕೇಳುವವನ ದನಿ.
ಹಿಲ್ಯೆ ಸ್ಟಿಕ್ಕರಿನ ಕಟ್ಟನ್ನು ಮೆಲ್ಲಗೆ ಚೀಲಕ್ಕಿಳಿಸಿದಳು.

ಇಬ್ಬರೂ ಒಂದೇ ಪರದೆಗೆ ಬಾಗಿದರು.
ಹನ್ನೊಂದು ನಿಮಿಷ. ಗಡಿಯಾರ ನೋಡುವುದು ನನ್ನ ಚಾಳಿ.
ಸುಮ್ಮನೆ ಕೂರಬೇಡವೆಂದು ನನಗೂ ಯಾರೋ
ಎಸ್ಟೋನಿಯನ್ ಅನುವಾದ ತಿದ್ದಲು ಕೊಟ್ಟರು.
"ಸಾಲ" ಎಂಬುದಕ್ಕೆ ನಮ್ಮಲ್ಲಿ
ತಲೆಕಟ್ಟಿನ ಹಾಗೆ ಒಂದು ಅಲೆಗೆರೆ ಬೇಕು.
ಇರಲಿಲ್ಲ. ಇಟ್ಟೆ.

ಅಷ್ಟರಲ್ಲಿ ಅವನ ಫೋನು. ಯಾರದೋ ಹಸು, ವಾರ ಮುಂಚೆಯೇ.
"ನೋಡಿ, ನನ್ನ ಲೆಕ್ಕವೂ ತಪ್ಪುತ್ತದೆ" ಎಂದು ಎದ್ದ.
ತಟ್ಟೆಯಲ್ಲಿ ಬೂದು ಬಟಾಣಿ ಆರುತ್ತ ಉಳಿಯಿತು.

ವಾಪಸಿನ ದಾರಿಯಲ್ಲಿ ಉರ್ಮಾಸ್:
"ಇವತ್ತಿನ ಗಂಟೆಗಳನ್ನು ಯಾರ ಹೆಸರಿಗೆ ಬರೀತೀಯ?"
ನಾನು ಕಿಟಕಿಯ ಮಂಜು ಒರೆಸಿದೆ.
ವರ್ಷಕ್ಕೆ ಏಳು ಬಿಲ್ಲು ಹೋದವು, ಅದು ಅವನಿಗೂ ಗೊತ್ತು,
ಎರಡನೇ ಸಲ ಕೇಳಲಿಲ್ಲ.

ವಾಲ್ಗಾದಲ್ಲಿ ಬೆಕ್ಕು ಕಾಣಲಿಲ್ಲ.
ಕತ್ತಲಲ್ಲಿ ತಾವೆತ್‌ನ ಫೋನು ಬೆಳಗಿತು:
ಹುಲ್ಲಿನ ಮೇಲೆ ಒದ್ದೆ ಕರು, ಕೋಡು ಮೂಡಿರದ ಹಣೆ,
ಕೆಳಗೆ ಒಂದೇ ಒಂದು ಸಂಖ್ಯೆ,
ಇನ್ನೂರೆಪ್ಪತ್ತಾರು.