ತಲೆಯೆಣಿಕೆ

ಬಸ್ಸಿನಿಂದ ಇಳಿದದ್ದು ಹತ್ತೊಂಬತ್ತು ಟೋಪಿ.
ಟೋಪಿಯಿಲ್ಲದವರಿಗೆ ಆಟವಿಲ್ಲ, ಇದು ಈ ದೇಶದ ಮೊದಲ ಪಾಠ.
ಹಗ್ಗಕ್ಕೆ ಪೋಣಿಸಿದ ಬಳೆ, ಬಳೆಗೊಂದು ಪುಟ್ಟ ಕೈ,
ಮುಂದೆ ಮರ್ಲೀನ್ ಟೀಚರು, ಹಿಂದೆ ನಾನು.
ಹಾಡುವುದು ಇಂಗ್ಲಿಷಿನಲ್ಲಿ, ಗದರುವುದು ಇಂಗ್ಲಿಷಿನಲ್ಲಿ,
ಎಣಿಕೆ ಮಾತ್ರ ನಾಲಗೆಯಡಿ ಕನ್ನಡದಲ್ಲೇ:
ಹದಿನೇಳು, ಹದಿನೆಂಟು... ಎಲ್ಲಿ ಓಟಿಸ್?
ಇರುವೆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾನೆ.
ಕಾಡುಪ್ರಾಣಿ ನೋಡಿ ಆಯಿತಂತೆ ಅವನಿಗೆ,
ಇನ್ನು ಮನೆಗೆ ಹೋಗಬಹುದಂತೆ.

ಯಾರಾ ಎಂಬುದು ಇಲ್ಲಿ ಹೊಳೆಯ ಹೆಸರು, ಪ್ರಶ್ನೆಯಲ್ಲ.
ಚಹಾ ಬಣ್ಣದ ನೀರು.
ಅವು ಮೊದಲು ಮೂಗಿಗೆ ಬಂದವು, ಆಮೇಲೆ ಕಿವಿಗೆ,
ಕಣ್ಣಿಗೆ ಕೊನೆಗೆ.
ನಾವು ನೀಲಗಿರಿ ಅಂದುಕೊಂಡ ಮರ ಹುಟ್ಟಿದ್ದೇ ಈ ನೆಲದಲ್ಲಿ;
ಅದರ ಕೊಂಬೆ ಕೊಂಬೆಗೆ
ಯಾರೋ ಹಿಂಡದೆ ಒಣಹಾಕಿ ಮರೆತ
ಕರಿ ಕಾಲುಚೀಲಗಳ ಹಾಗೆ ಬಾವಲಿಗಳು,
ಕತ್ತಿಗೆಲ್ಲ ಕಿತ್ತಳೆ ಮಫ್ಲರು.
ಹಗಲು ಹನ್ನೊಂದಕ್ಕೆ ನಿದ್ದೆಗೆಟ್ಟ ಜಗಳ:
ಆಚೆ ಸರಿ, ನೀನೇ ಸರಿ, ನನ್ನ ಜಾಗ ಇದು.
ಥೇಟು ಊಟವಾದ ಮೇಲೆ ಚಾಪೆ ಹಾಸಿದ ನಮ್ಮ ಕೋಣೆ.

"ತಲೆಕೆಳಗಾಗಿ ಉಚ್ಚೆ ಹೊಯ್ದರೆ ಮೂಗಿಗೇ ಬೀಳಲ್ವಾ?"
ಕೇಳಿದವಳು ಥೇಯಾ. ಹದಿನೆಂಟು ಬಾಯಿ ನಕ್ಕವು.
ಕಾಡು ಕಾಯುವ ಡೂಗಲ್ ನಗಲಿಲ್ಲ.
"ಅದೊಂದಕ್ಕೆ ಮಾತ್ರ ನೇರವಾಗುತ್ತವೆ," ಅಂದ.
ಅಷ್ಟರಲ್ಲಿ ಒಂದು, ಅವನ ಮಾತು ಉಳಿಸುವುದಕ್ಕೆಂಬಂತೆ,
ಹೆಬ್ಬೆರಳ ಕೊಕ್ಕೆಗೆ ಜೋತು, ಮಗುಚಿ, ಮಾಡಿ ತೋರಿಸಿತು.
ಆ ಚಪ್ಪಾಳೆ!
ಯಾವ ಸಿಂಹಕ್ಕೂ ಸಿಕ್ಕಿರಲಾರದು.

ಆಮೇಲೆ ದನಿ ತಗ್ಗಿಸಿ, ದೊಡ್ಡವರಿಗೆಂದು, ಹೇಳಿದ:
ಮೊದಮೊದಲು ಮರಿ ತಾಯ ಎದೆಗೆ ಕಚ್ಚಿಕೊಂಡೇ ಹಾರುತ್ತದೆ.
ತಿಂಗಳು ಕಳೆದರೆ ಭಾರ.
ಆಗ ಸಂಜೆಗೆ ತಾಯಂದಿರೆಲ್ಲ ಮರಿಗಳನ್ನು
ಒಂದು ಕಡೆ ತೂಗುಹಾಕಿ
ಹೂವಿರುವಲ್ಲಿಗೆ ಹೋಗುತ್ತಾರೆ, ಮೈಲಿಗಟ್ಟಲೆ;
ಬೆಳಗಿನ ಜಾವ ಬಂದು, ದನಿ ಹಿಡಿದು, ವಾಸನೆ ಹಿಡಿದು
ತಮ್ಮದನ್ನು ತಾವು ಬಿಡಿಸಿಕೊಳ್ಳುತ್ತಾರೆ.

ಅಲ್ಲಿ ಎಣಿಸುವವರು ಯಾರು?
ಕೇಳಬೇಕೆನಿಸಿತು. ಹಣ್ಣಿನ ಡಬ್ಬಿ ತೆರೆಯುವ ಹೊತ್ತು, ಕೇಳಲಿಲ್ಲ.
ಫೆಬ್ರವರಿಯಲ್ಲಿ ಇವರನ್ನು ಅಮ್ಮಂದಿರ ಕೊರಳಿಂದ
ಒಂದೊಂದೇ ಬೆರಳಾಗಿ ಬಿಡಿಸಿದ್ದು ಈ ಕೈ.
ಈಗ ನವೆಂಬರು; ಗೇಟಿನಲ್ಲಿ ಹಿಂತಿರುಗಿ ನೋಡುವವರೂ ಇಲ್ಲ.
ನನ್ನದೊಂದು, ಪ್ರೆಸ್ಟನ್ನಿನಲ್ಲಿ,
ಬೇರೆ ಬಣ್ಣದ ಟೋಪಿಯ ಕೆಳಗೆ,
ಸ್ತಾವ್ರೂಲಾ ಎಂಬವಳ ನಾಲಗೆಯಡಿ
ಗ್ರೀಕಿನ ಯಾವುದೋ ಅಂಕಿ.

ಬಸ್ಸು ಹೊರಡುವ ಮುಂಚೆ ಎರಡು ಸಲ ಎಣಿಸಿದೆ.
ಹತ್ತೊಂಬತ್ತು. ಹತ್ತೊಂಬತ್ತು.
ಓಟಿಸ್‌ನ ಜೇಬಿನ ಇರುವೆ ಲೆಕ್ಕಕ್ಕಿಲ್ಲ.

ಐದೂವರೆಗೆ ಪ್ರೆಸ್ಟನ್.
ಶಾಲ್ಮಲಿ ಓಡಿ ಬಂದು ಕೊರಳಿಗೆ ಜೋತುಬಿದ್ದಳು,
ಕಿವಿಯ ಹಿಂದೆ ಮೂಗು ತೂರಿಸಿದಳು.
"ಥೂ, ಏನು ನಾತ ಅಮ್ಮಾ!"
ಅಂದಳಷ್ಟೆ.
ಕಾರಿನವರೆಗೂ ಇಳಿಯಲಿಲ್ಲ.