ಚುಕ್ಕಿ, ಓರೆಗೆರೆ

ಇನಾರಿ ಸರೋವರದ ದಂಡೆ, ಹವಾಮಾನ ಕಚೇರಿ.
ಮಧ್ಯಾಹ್ನ ಎರಡಕ್ಕೇ ಕತ್ತಲು. ಡಿಸ್ಕ್ ತುಂಬಿದೆ,
ಹೊಸ ಅಳತೆಗೆ ಜಾಗವಿಲ್ಲ ಅನ್ನುತ್ತಿದೆ ಯಂತ್ರ.
ಹೆಲ್ಕಾ ಎಲ್‌ಎಸ್ ಹೊಡೆದಳು:

-7
-12
-31

ಇಪ್ಪತ್ತು ವರ್ಷ ರಾತ್ರಿಪಾಳಿ ಮಾಡಿದ ತಾವೆತ್ತಿ
ಕಡತಗಳಿಗೆ ಆಯಾ ದಿನದ ಚಳಿಯನ್ನೇ
ಹೆಸರಿಟ್ಟು ಹೋಗಿದ್ದಾನೆ.

ಆರ್‌ಎಂ, -31. ಎಂಟರ್.
'ಮೂರು' ಎಂಬ ಆಯ್ಕೆ ಇಲ್ಲ, ಎಂದಿತು.
ಮುಂದೆ ಗೆರೆ ಕಂಡದ್ದೆಲ್ಲ ಅದಕ್ಕೆ ಅಪ್ಪಣೆ,
ಹೆಸರಿರಬಹುದೆಂದು ಹೊಳೆಯುವುದೇ ಇಲ್ಲ.
ಉದ್ಧರಣ ಚಿಹ್ನೆಯ ಕಂಬಳಿ ಹೊದಿಸಿದಳು.
ಅದೇ ಉತ್ತರ. ಕಾಫಿ ಆರಿತು.

ಫೋನು ಮಾಡಿದರೆ ತಾವೆತ್ತಿ ಹೆಪ್ಪುಗಟ್ಟಿದ ನೀರಿನ ಮೇಲೆ,
ತೂತು ಕೊರೆದು ಮೀನಿಗೆ ಕಾಯುತ್ತ:
"ನಿನ್ನ ಆಜ್ಞೆಗೀಜ್ಞೆ ನನಗೇನು ಗೊತ್ತು ಮಾರಾಯ್ತಿ,
ಎಷ್ಟು ಚಳಿಯೋ ಅಷ್ಟು ಬರೆದೆ."

ಆಮೇಲೆ ನೆನಪಾಯಿತು. ಹೆಸರಿನ ಮುಂದೆ
ಒಂದು ಚುಕ್ಕಿ, ಒಂದು ಓರೆಗೆರೆ.
ಇಲ್ಲಿಯದು, ಈ ಮನೆಯದು, ಅಷ್ಟೇ ಅರ್ಥ.
ಮನೆ ಯಾವುದೆಂದು ಹೇಳಿದೊಡನೆ
ಅಪ್ಪಣೆ ಹೋಗಿ ಚಳಿ ಚಳಿಯಾಯಿತು.

ಅಳಿಸುವ ಮುನ್ನ, ಸುಮ್ಮನೆ, ಕ್ಯಾಟ್ ಮಾಡಿದಳು.
ಅಂಕಿಗಳ ನಡುವೆ ಒಂದು ಸಾಲು:
ರೆಪ್ಪೆಗಳು ಅಂಟಿಕೊಂಡಿವೆ. ಅರ್ಧ ಡಿಗ್ರಿ
ಹೆಚ್ಚುಕಮ್ಮಿ ಇದ್ದೀತು, ಕ್ಷಮಿಸಿ.

ಅಳಿಸಿದ್ದು ಬೇರೆ: ಹಳೆಯ ಲಾಗ್‌ಗಳು,
ಯಾರೂ ಕಿವಿಗೊಡದ ನಾಲ್ಕು ಗಿಗಾಬೈಟು ದೂರು.
ಹೊರಗೆ ಹೋಗಿ ಮಾಪಕ ನೋಡಿ ಬಂದಳು.
ಕೈಗವಸು ಹಲ್ಲಲ್ಲಿ ಕಚ್ಚಿ ಎಳೆದು
ಹೊಸ ಕಡತಕ್ಕೆ ಒಂದೇ ಬೆರಳಲ್ಲಿ ಹೆಸರು ಕುಟ್ಟಿದಳು:
ಚುಕ್ಕಿ, ಓರೆಗೆರೆ,
ಗೆರೆ, ಹತ್ತೊಂಬತ್ತು.