ಕೊಂಡದ್ದು

ಮಲ್ಪೆ ಧಕ್ಕೆಯಲ್ಲಿ ಮಂಜುಗಡ್ಡೆ ತುಂಬುವಾಗಲೇ ಕೊಂಡದ್ದು.
ಹರಾಜು ಕಟ್ಟೆಯ ಮೂಲೆ, ಅಲ್ಲಿ ಮಾತ್ರ ಎರಡು ಗೆರೆ ಸಿಗ್ನಲ್ಲು.
ಸುಕೇಶನ ಫೋನು, ಏಳು ಜನರ ದುಡ್ಡು,
ತಲೆಗೆ ಐವತ್ತೇಳು ರೂಪಾಯಿ.
ಬಾಡಿಗೆಗೆ ಒಂದು ಗುಂಡಿ, ಖರೀದಿಗೆ ಒಂದು.
ತಾಂಡೇಲ ನಾರ್ಣಣ್ಣ ಬಾಡಿಗೆ ಮನೆಯಲ್ಲೇ ಮೂವತ್ತು ವರ್ಷ ಇದ್ದವನು.
"ಖರೀದಿಗೇ ಒತ್ತು ಮಾರಾಯ. ಒಂದಾದರೂ ನಮ್ಮದಾಗಲಿ."

ಸೇಂಟ್ ಮೇರೀಸ್ ದಾಟಿದ ಮೇಲೆ ಗೆರೆಗಳು
ಒಂದೊಂದೇ ಕಳಚಿಕೊಂಡವು.

ಮೊದಲ ರಾತ್ರಿ ಅರ್ಧ ನೋಡಿದೆವು.
ಘಾಟಿಯಲ್ಲಿ ಬಸ್ಸು ಓಡಿಸುವ ಹೆಣ್ಣು,
ಒಳಗೆ ಮದುವೆ ದಿಬ್ಬಣ, ವಾಲಗ, ವಾಂತಿ,
ಮದುಮಗ ಹತ್ತಿಲ್ಲವೆಂದು
ಅವಳೊಬ್ಬಳಿಗೇ ಗೊತ್ತು.
ಒಂಬತ್ತನೇ ತಿರುವು. ಅವಳು ಕನ್ನಡಿ ನೋಡುತ್ತಾಳೆ,
ಅಷ್ಟರಲ್ಲಿ ವಿಂಚು ಕೂಗಿತು.
ಬಲೆ ಎಳೆಯುವ ಹೊತ್ತು.

ಆಮೇಲೆ ಮೂರು ದಿನ ಯಾರಿಗೂ ನಿದ್ದೆಯಿಲ್ಲ.
ರಾಣಿಮೀನು, ಬೊಂಡಾಸು, ಮತ್ತೆ ರಾಣಿಮೀನು,
ಬೆರಳ ಸಂದಿಯಲ್ಲಿ ಉಪ್ಪು ಒಡೆದು ರಕ್ತ.

ನಾಲ್ಕನೇ ರಾತ್ರಿ, ಕಾರವಾರದ ನೇರಕ್ಕೆ ಎಲ್ಲೋ,
ಅಕ್ಕಿ ಡಬ್ಬಿಗೆ ಫೋನು ಒರಗಿಸಿ ಕೂತರೆ
ಕಪ್ಪು ಪರದೆ, ಬಿಳಿ ಅಕ್ಷರ:
ನಿಮ್ಮ ಪರವಾನಗಿಯನ್ನು ಪರಿಶೀಲಿಸಲಾಗಲಿಲ್ಲ.
ದಯವಿಟ್ಟು ಇಂಟರ್‌ನೆಟ್ ಸಂಪರ್ಕ ಪಡೆಯಿರಿ.

ಭಟ್ಕಳದ ಜಟ್ಟಪ್ಪ ಎದ್ದು
ನಾಲ್ಕೂ ದಿಕ್ಕಿಗೆ ಕಣ್ಣು ಹಾಯಿಸಿದ.
ತುಂಬಾ ದೂರದಲ್ಲಿ ಒಂದು ಹಡಗಿನ ದೀಪ.

"ಎರಡು ದಿನಕ್ಕೊಮ್ಮೆ ಮುಖ ತೋರಿಸಬೇಕಂತೆ," ಸುಕೇಶ,
ಸಣ್ಣ ಅಕ್ಷರವನ್ನು ಮೊದಲ ಸಲ ಓದುತ್ತಾ.
"ಯಾರಿಗೆ?"
ಅದನ್ನು ಬರೆದಿರಲಿಲ್ಲ.

ಚಿತ್ರ ಫೋನಿನೊಳಗೇ ಇದೆ. ಎರಡು ಜಿಬಿ, ಒಂದು ಚೂರೂ ಕರಗಿಲ್ಲ.
ಬಸ್ಸು, ದಿಬ್ಬಣ, ಬಾರದ ಮದುಮಗ
ಎಲ್ಲರೂ ನಮ್ಮ ಜೊತೆ ಅರುವತ್ತು ಮಾರು ನೀರಿನ ಮೇಲೆ.
ಬೀಗದ ಕೈ ಮಾತ್ರ ದಡದಲ್ಲಿ.

ನಾರ್ಣಣ್ಣ ಬೀಡಿ ಹಚ್ಚಿದ.
"ಹುಟ್ಟಿದಾಗಿನಿಂದ ಮೀನು ಮಾರಿದ್ದೇನೆ.
ಏಲಂ ಮುಗಿದರೆ ಬಂಗುಡೆ ಅವಳದ್ದು, ಬುಟ್ಟಿ ಅವಳದ್ದು.
ಅವಳು ಪುಳಿಮುಂಚಿ ಮಾಡಲಿ, ಬೆಕ್ಕಿಗೆ ಹಾಕಲಿ,
ನಾನು ಹಿಂದೆಯೇ ಹೋಗಿ
ಮಡಕೆಯ ಮುಚ್ಚಳ ಹಿಡಿದು ಕೂತದ್ದುಂಟಾ?"
ಇಲ್ಲ ಎಂದೆವು.
ಹಾಗೆ ಕೂತಿದ್ದರೆ ಆ ಹೆಂಗಸರು ಏನು ಮಾಡುತ್ತಿದ್ದರೆಂದು
ಸ್ವಲ್ಪ ಹೊತ್ತು ನಕ್ಕೆವು.

ಆಗ ಸುದಾಮ ಬೆಹೆರಾ, ಗಂಜಾಮಿನವನು, ನಮ್ಮ ಅಡುಗೆಯವನು,
ವರ್ಷವಿಡೀ ಉಪ್ಪು, ಖಾರ, ಸಾಕಾ, ಬೇಕಾ
ಇಷ್ಟೇ ಕನ್ನಡ ಆಡಿದವನು,
ಸೌಟು ಎತ್ತಿ ಹೇಳಿದ:
"ಮದುಮಗ ಬಸ್ ಮೇಲೆ. ಲಗೇಜ್ ಒಳಗೆ. ಮಲಗಿದ್ದಾನೆ."

ಅಲ್ಲಿಂದ ಶುರು.
ಮಲಗಿಲ್ಲ, ಅಡಗಿದ್ದಾನೆ ಎಂದ ಜಟ್ಟಪ್ಪ.
ಹುಡುಗಿಯೇ ಅವನನ್ನು ಇಳಿಸಿ ಬಂದಳು ಎಂದ ಸುಕೇಶ.
ಬ್ರೇಕು ಹೋಗುತ್ತದೆ, ನೋಡಿ, ಎಂದೆ ನಾನು.
"ಬ್ರೇಕು ಹೋಗುವುದಿಲ್ಲ," ತಾಂಡೇಲ ಗದರಿದ,
"ನಲವತ್ತು ಜನ ಉಂಟು ಒಳಗೆ."
ಏಳು ರಾತ್ರಿ ಆ ಬಸ್ಸನ್ನು ಸರದಿಯಲ್ಲಿ ಓಡಿಸಿದೆವು,
ಬಲೆಗೂ ಬಲೆಗೂ ನಡುವೆ.

ಹನ್ನೊಂದನೇ ದಿನ ದ್ವೀಪ ಕಂಡಿತು.
ಸುಕೇಶನ ಕಿಸೆಯಲ್ಲಿ ಟಿಣ್ ಎಂದಿತು.
ತನ್ನಷ್ಟಕ್ಕೆ ತೆರೆದುಕೊಂಡಿತು ಚಿತ್ರ,
ಏನೂ ಆಗಿಲ್ಲವೆಂಬಂತೆ.
ಯಾರಿಗೂ ಪುರುಸೊತ್ತಿರಲಿಲ್ಲ, ಮೀನು ಇಳಿಸಬೇಕಿತ್ತು.

ಎರಡು ದಿನ ಬಿಟ್ಟು ಬಲೆ ಹೊಲಿಯುವಾಗ ಸುದಾಮ ಕೇಳಿದ:
"ನೋಡಿದ್ಯಾ?"
ಸುಕೇಶ ನೂಲು ಕಚ್ಚಿ ಹರಿದ.
"ಹೂಂ. ಮೇಲೇ ಇದ್ದ ಮಾರಾಯ, ಲಗೇಜಿನ ಮಧ್ಯೆ."
ಸುದಾಮ ತಲೆಯಾಡಿಸಿದ,
ತನಗೆ ಗೊತ್ತೇ ಇತ್ತು ಎಂಬ ಹಾಗೆ,
ಮಂಜುಗಡ್ಡೆಯ ಬಿಲ್ಲು ಹಿಡಿದು ಹೊರಟ.

ನಿಜವೋ ಸುಳ್ಳೋ, ನಾನು ಕೇಳಲಿಲ್ಲ.
ಇವತ್ತಿಗೂ ನೋಡಿಲ್ಲ.
ನನ್ನ ಐವತ್ತೇಳು ರೂಪಾಯಿ ಅಲ್ಲೇ ಉಂಟು,
ಒಂಬತ್ತನೇ ತಿರುವಿನಲ್ಲಿ,
ಬ್ರೇಕು ತುಳಿದುಕೊಂಡು.